ಅಲನ್ ಹಾಡ್ಜ್‌ಕಿನ್

ಸರ್ ಅಲನ್ ಲಾಯ್ಡ್ ಹಾಡ್ಜ್‌ಕಿನ್ (5 ಫೆಬ್ರವರಿ 1914 – 20 ಡಿಸೆಂಬರ್ 1998) ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಮತ್ತು ಜೀವಭೌತ ವಿಜ್ಞಾನಿ. ನರತಂತುವಿನಲ್ಲಿ ವಿದ್ಯುತ್ ಸಂಕೇತ ಹುಟ್ಟುವ ಮತ್ತು ಹರಿಯುವ ಬಗೆಯನ್ನು ಇವರು ಆಂಡ್ರ್ಯೂ ಹಕ್ಸ್ಲಿ ಅವರೊಡನೆ ಪ್ರಯೋಗಗಳಿಂದ ಅಳೆದು, 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ನಿರೂಪಿಸಿದರು. ಹಾಡ್ಜ್‌ಕಿನ್-ಹಕ್ಸ್ಲಿ ಮಾದರಿ ಎಂದು ಹೆಸರಾದ ಈ ಸಮೀಕರಣಗಳು ನರಕೋಶಗಳ ಗಣಿತೀಯ ಅಧ್ಯಯನಕ್ಕೆ ಇಂದಿಗೂ ಆಧಾರವಾಗಿವೆ. 1963ರ ವೈದ್ಯಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಹಾಡ್ಜ್‌ಕಿನ್, ಹಕ್ಸ್ಲಿ ಮತ್ತು ಆಸ್ಟ್ರೇಲಿಯದ ಜಾನ್ ಎಕಲ್ಸ್ ಹಂಚಿಕೊಂಡರು.

ಹಾಡ್ಜ್‌ಕಿನ್ ಎಂಬ ಹೆಸರು ವಿದ್ಯಾರ್ಥಿಗಳಲ್ಲಿ ಆಗಾಗ ಗೊಂದಲ ಉಂಟುಮಾಡುತ್ತದೆ. ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಹೆಸರು ಕೊಟ್ಟ ಥಾಮಸ್ ಹಾಡ್ಜ್‌ಕಿನ್ ಹತ್ತೊಂಬತ್ತನೆಯ ಶತಮಾನದ ವೈದ್ಯರು. ಅವರು ಇದೇ ಮನೆತನದವರಾದರೂ ಬೇರೆ ವ್ಯಕ್ತಿ. ಇನ್ಸುಲಿನ್ ಮತ್ತು ಬಿ12 ಜೀವಸತ್ವದ ಅಣುರಚನೆಗಳನ್ನು ಕಂಡುಹಿಡಿದ ಡೊರೊಥಿ ಹಾಡ್ಜ್‌ಕಿನ್, ಅಲನ್ ಅವರ ಸೋದರಸಂಬಂಧಿಯ ಪತ್ನಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಲನ್ ಹುಟ್ಟಿದ್ದು ಆಕ್ಸ್‌ಫರ್ಡ್‌ಶೈರ್ ಪ್ರಾಂತ್ಯದ ಬ್ಯಾನ್‌ಬರಿಯಲ್ಲಿ. ತಂದೆ ಜಾರ್ಜ್ ಹಾಡ್ಜ್‌ಕಿನ್, ತಾಯಿ ಮೇರಿ ವಿಲ್ಸನ್. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿತ್ತು. ಆಯುಧ ಹಿಡಿಯಲು ಒಪ್ಪದ ಈ ಪಂಥದ ಅನೇಕರಂತೆ ಜಾರ್ಜ್ ಕೂಡ ಮೊದಲ ಮಹಾಯುದ್ಧದ ಕಾಲದಲ್ಲಿ ಪರಿಹಾರಕಾರ್ಯದಲ್ಲಿ ತೊಡಗಿದರು. ಅದೇ ಕೆಲಸದ ಮೇಲೆ ಹೋಗಿದ್ದಾಗ 1918ರಲ್ಲಿ ಬಾಗ್ದಾದಿನಲ್ಲಿ ಆಮಶಂಕೆಯಿಂದ ತೀರಿಕೊಂಡರು. ಆಗ ಅಲನ್‌ಗೆ ನಾಲ್ಕು ವರ್ಷ. ಜಾರ್ಜ್ ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದ್ದವರು. ನರ ಮತ್ತು ಸ್ನಾಯುಗಳ ವಿದ್ಯುತ್ತನ್ನು ಅಭ್ಯಸಿಸುತ್ತಿದ್ದ ಕೀತ್ ಲ್ಯೂಕಸ್ ಅವರ ಸ್ನೇಹಿತರು. ಮಗ ಮುಂದೆ ಅದೇ ವಿಷಯವನ್ನು ಆರಿಸಿಕೊಂಡರು. ಆದರೆ ಹಾಗೆ ಆರಿಸಿಕೊಳ್ಳಲು ಹೇಳಬಹುದಾಗಿದ್ದ ತಂದೆಯೂ ಇರಲಿಲ್ಲ, 1916ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ಲ್ಯೂಕಸ್ ಅವರೂ ಇರಲಿಲ್ಲ.

ಮಾಲ್ವರ್ನ್‌ನ ಡೌನ್ಸ್ ಶಾಲೆ ಮತ್ತು ಹೋಲ್ಟ್‌ನ ಗ್ರೆಶಮ್ಸ್ ಶಾಲೆಯಲ್ಲಿ ಓದುತ್ತಿದ್ದಾಗ ಅಲನ್‌ಗಿದ್ದ ಹುಚ್ಚು ಪಕ್ಷಿವೀಕ್ಷಣೆ. 1932ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರುವಾಗ ಜೀವವಿಜ್ಞಾನವನ್ನು ಮುಂದುವರಿಸುವ ಇರಾದೆಯಿತ್ತು. ಪ್ರಾಣಿಶಾಸ್ತ್ರಜ್ಞ ಕಾರ್ಲ್ ಪ್ಯಾಂಟಿನ್ ಅವರು ಗಣಿತ ಮತ್ತು ಭೌತಶಾಸ್ತ್ರಗಳನ್ನು ಸಾಧ್ಯವಾದಷ್ಟು ಕಲಿಯುವಂತೆ ಸಲಹೆ ಕೊಟ್ಟರು. ಹಕ್ಕಿಗಳ ಬೆನ್ನುಹತ್ತಿದ್ದ ಹುಡುಗನಿಗೆ ಇದು ಸಹಜವಾದ ದಾರಿಯಾಗಿರಲಿಲ್ಲ. ಆದರೂ ಆ ಸಲಹೆಯನ್ನು ಪಾಲಿಸಿದ್ದರ ಫಲ ಇಪ್ಪತ್ತು ವರ್ಷಗಳ ನಂತರ ಕಾಣಿಸಿತು.

ಕಪ್ಪೆಯ ನರದ ಪ್ರಯೋಗ

ನರದಲ್ಲಿ ಸಂಕೇತ ಸಾಗುವ ವೇಗವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲೇ ಅಳೆದಿದ್ದರು. ಅದು ಸೆಕೆಂಡಿಗೆ ಸುಮಾರು 27 ಮೀಟರ್. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಹೋಲಿಸಿದರೆ ಇದು ತೀರ ನಿಧಾನ. ಹಾಗಾದರೆ ನರದಲ್ಲಿ ಹರಿಯುವುದು ವಿದ್ಯುತ್ತೇ, ಅಥವಾ ರಾಸಾಯನಿಕ ಕ್ರಿಯೆಯೊಂದರ ಪಕ್ಕದಲ್ಲಿ ಕಾಣಿಸಿಕೊಳ್ಳುವ ಗುರುತು ಮಾತ್ರವೇ? 1930ರ ದಶಕದಲ್ಲಿಯೂ ಈ ಪ್ರಶ್ನೆ ಬಗೆಹರಿದಿರಲಿಲ್ಲ.

ವಿದ್ಯಾರ್ಥಿಯಾಗಿದ್ದಾಗಲೇ ಹಾಡ್ಜ್‌ಕಿನ್ ಕಪ್ಪೆಯ ಕಾಲಿನ ನರದ ಒಂದು ಸಣ್ಣ ಭಾಗವನ್ನು ಅತಿಯಾಗಿ ತಣಿಸಿ ಸಂಕೇತವನ್ನು ಅಲ್ಲಿಯೇ ತಡೆದರು. ತಡೆಯ ಆಚೆಗೆ ಸಂಕೇತ ದಾಟಲಿಲ್ಲ. ಆದರೆ ತಡೆಯ ಆಚೆಗಿನ ಕೆಲವು ಮಿಲಿಮೀಟರುಗಳಷ್ಟು ದೂರದವರೆಗೆ ನರವು ಕ್ಷಣಕಾಲ ಹೆಚ್ಚು ಉದ್ರೇಕಶೀಲವಾಗುತ್ತಿತ್ತು. ನಿಂತುಹೋದ ಸಂಕೇತದ ವಿದ್ಯುತ್ ಪ್ರವಾಹವು ಮುಂದಿನ ಭಾಗಕ್ಕೆ ಸೋರಿ ಅದನ್ನು ಸಿದ್ಧಗೊಳಿಸುತ್ತಿದೆ ಎಂಬುದೇ ಇದರ ಅರ್ಥ. ಮೈದಾನದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಪಕ್ಕದ ಹುಲ್ಲನ್ನು ಕಾಯಿಸಿ ಹೊತ್ತಿಸುವಂತೆ, ನರದ ಒಂದು ಬಿಂದು ಮುಂದಿನ ಬಿಂದುವನ್ನು ವಿದ್ಯುತ್ತಿನಿಂದಲೇ ಎಬ್ಬಿಸುತ್ತದೆ. ಈ ಕೆಲಸ ಇವರಿಗೆ 1936ರಲ್ಲಿ ಟ್ರಿನಿಟಿಯ ಫೆಲೋ ಸ್ಥಾನವನ್ನು ತಂದುಕೊಟ್ಟಿತು. ಲೇಖನವು 1937ರಲ್ಲಿ ಪ್ರಕಟವಾಯಿತು.

ಅಮೆರಿಕದಲ್ಲಿ

1937-38ರಲ್ಲಿ ಹಾಡ್ಜ್‌ಕಿನ್ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದರು. ಸೇಂಟ್ ಲೂಯಿಸ್‌ನಲ್ಲಿ ಭೇಟಿಯಾದ ಹಿರಿಯ ವಿಜ್ಞಾನಿ ಜೋಸೆಫ್ ಅರ್ಲಾಂಗರ್ ಇವರ ವಾದವನ್ನು ಸುಲಭವಾಗಿ ಒಪ್ಪಲಿಲ್ಲ. ಸಂಕೇತವು ವಿದ್ಯುತ್ತಿನಿಂದಲೇ ಸಾಗುವುದಾದರೆ ನರತಂತುವಿನ ಹೊರಗಿನ ವಿದ್ಯುತ್ ರೋಧವನ್ನು ಬದಲಿಸಿದಾಗ ವೇಗವೂ ಬದಲಾಗಬೇಕು. ಅದನ್ನು ತೋರಿಸುವವರೆಗೆ ನಂಬುವುದಿಲ್ಲ ಎಂಬುದು ಅವರ ನಿಲುವು. ಹಾಡ್ಜ್‌ಕಿನ್ ನರತಂತುವನ್ನು ಸಮುದ್ರದ ನೀರಿನಿಂದ ತೆಗೆದು ಎಣ್ಣೆಯಲ್ಲಿಟ್ಟರು. ಎಣ್ಣೆಯಲ್ಲಿ ಹೊರಗಿನ ರೋಧ ಹೆಚ್ಚು, ವೇಗ ಇಳಿಯಿತು. ಮರಳಿ ನೀರಿನಲ್ಲಿಟ್ಟಾಗ ಏರಿತು.

ಇದೇ ಅವಧಿಯಲ್ಲಿ ವುಡ್ಸ್ ಹೋಲ್ ಕಡಲ ಪ್ರಯೋಗಾಲಯದಲ್ಲಿ ಕೆನೆತ್ ಕೋಲ್ ಮತ್ತು ಹೋವರ್ಡ್ ಕರ್ಟಿಸ್ ಇವರಿಗೆ ಸ್ಕ್ವಿಡ್‌ನ ದೈತ್ಯ ನರತಂತುವನ್ನು ಪರಿಚಯಿಸಿದರು. ನಮ್ಮ ಕರಾವಳಿಯ ಮೀನುಮಾರುಕಟ್ಟೆಗಳಲ್ಲಿ ಬೊಂಡಾಸ್ ಎಂದು ಮಾರುವ ಜೀವಿಗಳ ಗುಂಪಿಗೆ ಸೇರಿದ ಸ್ಕ್ವಿಡ್, ಅಪಾಯ ಎದುರಾದಾಗ ನೀರನ್ನು ಚಿಮ್ಮಿ ಹಿಂದಕ್ಕೆ ನೆಗೆಯುತ್ತದೆ. ಈ ನೆಗೆತಕ್ಕೆ ಅಪ್ಪಣೆ ಒಯ್ಯುವ ನರತಂತುವಿನ ವ್ಯಾಸ ಸುಮಾರು ಅರ್ಧ ಮಿಲಿಮೀಟರ್. ಮನುಷ್ಯನ ನರತಂತುಗಳನ್ನು ಸೂಕ್ಷ್ಮದರ್ಶಕವಿಲ್ಲದೆ ನೋಡಲಾಗದು. ಇದನ್ನಾದರೋ ಬರಿಗಣ್ಣಿನಿಂದ ಕಂಡು, ಒಳಕ್ಕೆ ತಂತಿಯನ್ನು ತೂರಿಸಬಹುದು. ಇದರ ಮಹತ್ವವನ್ನು 1936ರಲ್ಲಿ ಎತ್ತಿ ತೋರಿಸಿದವರು ಜೆ. ಝಡ್. ಯಂಗ್.

ಪ್ಲಿಮತ್, 1939

ಇಂಗ್ಲೆಂಡಿಗೆ ಮರಳಿದ ಹಾಡ್ಜ್‌ಕಿನ್ 1939ರ ಬೇಸಿಗೆಯಲ್ಲಿ ತಮಗಿಂತ ಮೂರು ವರ್ಷ ಕಿರಿಯರಾದ ಹಕ್ಸ್ಲಿಯವರೊಡನೆ ಪ್ಲಿಮತ್‌ನ ಕಡಲಜೀವಿ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದರು. ತೆಳುವಾದ ಗಾಜಿನ ನಳಿಗೆಯನ್ನು ನರತಂತುವಿನ ಕತ್ತರಿಸಿದ ತುದಿಯಿಂದ ಉದ್ದಕ್ಕೆ ತೂರಿಸಿ, ಒಳಗಿನ ಮತ್ತು ಹೊರಗಿನ ವಿದ್ಯುತ್ ವಿಭವಗಳ ವ್ಯತ್ಯಾಸವನ್ನು ನೇರವಾಗಿ ಅಳೆದರು.

ಅಂದು ಮಾನ್ಯವಾಗಿದ್ದುದು ಜೂಲಿಯಸ್ ಬರ್ನ್‌ಸ್ಟೈನ್ 1902ರಲ್ಲಿ ಮಂಡಿಸಿದ್ದ ಸಿದ್ಧಾಂತ. ವಿಶ್ರಾಂತ ಸ್ಥಿತಿಯಲ್ಲಿ ಪೊರೆಯು ಪೊಟ್ಯಾಸಿಯಂ ಅಯಾನುಗಳನ್ನು ಮಾತ್ರ ದಾಟಲು ಬಿಡುವುದರಿಂದ ನರತಂತುವಿನ ಒಳಭಾಗ ಋಣಾತ್ಮಕವಾಗಿರುತ್ತದೆ. ಸಂಕೇತ ಬಂದ ಕ್ಷಣದಲ್ಲಿ ಪೊರೆಯು ತನ್ನ ಆಯ್ಕೆಯ ಗುಣವನ್ನು ಕಳೆದುಕೊಂಡು ವಿಭವ ಸೊನ್ನೆಗೆ ಇಳಿಯುತ್ತದೆ ಎಂದು ಅದು ಹೇಳುತ್ತಿತ್ತು. ಪ್ಲಿಮತ್‌ನಲ್ಲಿ ಕಂಡದ್ದು ಬೇರೆ. ವಿಭವವು ಸೊನ್ನೆಯಲ್ಲಿ ನಿಲ್ಲದೆ ದಾಟಿ, ಒಳಭಾಗವು ಸುಮಾರು 40 ಮಿಲಿವೋಲ್ಟ್‌ಗಳಷ್ಟು ಧನಾತ್ಮಕವಾಯಿತು. ಬರ್ನ್‌ಸ್ಟೈನ್ ಸಿದ್ಧಾಂತದಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ.

ಕಾರಣವನ್ನು ಹುಡುಕಲು ಅವಕಾಶ ಸಿಗಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಯುದ್ಧ ಆರಂಭವಾಯಿತು. ಇಬ್ಬರೂ ನೇಚರ್ ಪತ್ರಿಕೆಗೆ ಚಿಕ್ಕದೊಂದು ಟಿಪ್ಪಣಿ ಕಳುಹಿಸಿ, ವಿವರಣೆ ಕೊಡದೆ, ಪ್ರಯೋಗವನ್ನು ಬಿಟ್ಟು ಹೊರಟರು.

ಯುದ್ಧದ ವರ್ಷಗಳು

ಕ್ವೇಕರ್ ಮನೆಯ ಮಗ, ಯುದ್ಧಕಾಲದ ಪರಿಹಾರಕಾರ್ಯದಲ್ಲೇ ತಂದೆಯನ್ನು ಕಳೆದುಕೊಂಡವರು, ಯುದ್ಧಕಾರ್ಯಕ್ಕೆ ಸೇರಿದ್ದು ಸಣ್ಣ ನಿರ್ಧಾರವಲ್ಲ. ನಾಜಿ ಆಡಳಿತದ ಸ್ವರೂಪವನ್ನು ಅರಿತ ಮೇಲೆ ಹಾಡ್ಜ್‌ಕಿನ್ ಮನೆತನದ ಯುದ್ಧವಿರೋಧಿ ನಿಲುವನ್ನು ಕೈಬಿಟ್ಟಿದ್ದರು. ಮೊದಲು ಫಾರ್ನ್‌ಬರೊದಲ್ಲಿ ವೈಮಾನಿಕ ವೈದ್ಯಶಾಸ್ತ್ರದ ಕೆಲಸ ಮಾಡಿ, 1940ರಿಂದ ವಿಮಾನಗಳಲ್ಲಿ ಅಳವಡಿಸುವ ಸೆಂಟಿಮೀಟರ್ ತರಂಗಗಳ ರೇಡಾರ್ ತಯಾರಿಕೆಯಲ್ಲಿ ತೊಡಗಿದರು. ರಾತ್ರಿ ಹೊತ್ತಿನಲ್ಲಿ ಶತ್ರುವಿಮಾನಗಳನ್ನು ಪತ್ತೆಮಾಡುವ ಆ ಉಪಕರಣದ ಆಂಟೆನಾ ವಿನ್ಯಾಸದಲ್ಲಿ ಇವರ ಪಾತ್ರ ಮುಖ್ಯವಾದುದು.

1944ರಲ್ಲಿ ರೇಡಾರ್ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಮೇರಿಯನ್ ರೌಸ್ ಅವರನ್ನು ವಿವಾಹವಾದರು. ಆಕೆ ಕ್ಯಾನ್ಸರ್ ವೈರಾಣು ಸಂಶೋಧಕ ಪೇಟನ್ ರೌಸ್ ಅವರ ಮಗಳು. ವಿಚಿತ್ರವೆಂದರೆ ಅಳಿಯನಿಗೆ ನೊಬೆಲ್ ಬಂದ ಮೂರು ವರ್ಷಗಳ ನಂತರ, 1966ರಲ್ಲಿ, ಮಾವನಿಗೆ ಅದೇ ಪ್ರಶಸ್ತಿ ಬಂತು. ದಂಪತಿಗೆ ಮೂವರು ಹೆಣ್ಣುಮಕ್ಕಳು, ಒಬ್ಬ ಮಗ.

ಸೋಡಿಯಂ ಸಿದ್ಧಾಂತ

1945ರಲ್ಲಿ ಕೇಂಬ್ರಿಜ್‌ಗೆ ಹಿಂದಿರುಗಿದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ, 1939ರ ಫಲಿತಾಂಶವನ್ನು ವಿಸ್ತಾರವಾಗಿ ಪ್ರಕಟಿಸಿದರು. ವಿಭವವು ಸೊನ್ನೆಯನ್ನು ದಾಟುವುದಕ್ಕೆ ಅವರು ಅಲ್ಲಿ ಸೂಚಿಸಿದ ವಿವರಣೆಗಳು ಯಾವುವೂ ಮುಂದೆ ನಿಲ್ಲಲಿಲ್ಲ. ಸರಿಯಾದ ಉತ್ತರ ಕಣ್ಣೆದುರಿಗೇ ಇತ್ತು: ಸಮುದ್ರದ ನೀರಿನ ಉಪ್ಪಿನಲ್ಲಿರುವ ಸೋಡಿಯಂ. ಸೋಡಿಯಂ ಇಲ್ಲದಿದ್ದರೆ ಕಪ್ಪೆಯ ಸ್ನಾಯು ಉದ್ರೇಕಗೊಳ್ಳುವುದಿಲ್ಲವೆಂದು ಅರ್ನೆಸ್ಟ್ ಓವರ್ಟನ್ 1902ರಲ್ಲಿಯೇ ತೋರಿಸಿದ್ದರು. ಬರ್ನ್‌ಸ್ಟೈನ್ ಸಿದ್ಧಾಂತ ಹೊರಬಂದ ವರ್ಷವೇ ಪ್ರಕಟವಾದ ಆ ಲೇಖನ ನಾಲ್ಕು ದಶಕಗಳ ಕಾಲ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

1947ರ ಬೇಸಿಗೆಯಲ್ಲಿ ಹಾಡ್ಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಸ್, ನರತಂತುವಿನ ಸುತ್ತಲಿನ ದ್ರಾವಣದಲ್ಲಿ ಸೋಡಿಯಂ ಪ್ರಮಾಣವನ್ನು ಹಂತಹಂತವಾಗಿ ಕಡಿಮೆ ಮಾಡಿದರು. ಸೋಡಿಯಂ ಇಳಿದಂತೆ ವಿಭವದ ಶಿಖರವೂ ಇಳಿಯಿತು, ಸಿದ್ಧಾಂತ ಹೇಳಿದ ಲೆಕ್ಕದಲ್ಲಿಯೇ. ಸಂಕೇತ ಹುಟ್ಟುವಾಗ ಪೊರೆಯು ಎಲ್ಲವನ್ನೂ ಒಳಬಿಡುವುದಿಲ್ಲ, ಸೋಡಿಯಂಗೆ ಮಾತ್ರ ಬಾಗಿಲು ತೆರೆಯುತ್ತದೆ ಎಂಬುದು ಇದರಿಂದ ಸ್ಥಿರವಾಯಿತು. ಪೊರೆಯ ವಿಭವವನ್ನು ಅಯಾನುಗಳ ಸಾಂದ್ರತೆಯಿಂದ ಲೆಕ್ಕಹಾಕುವ ಗೋಲ್ಡ್‌ಮನ್-ಹಾಡ್ಜ್‌ಕಿನ್-ಕಾಟ್ಸ್ ಸಮೀಕರಣ 1949ರ ಇದೇ ಲೇಖನದಿಂದ ಬಂದುದು.

ವಿಭವವನ್ನು ಕಟ್ಟಿಹಾಕುವ ವಿಧಾನ

ಬಾಗಿಲು ತೆರೆಯುವುದೆಂದರೆ ಎಷ್ಟು, ಎಷ್ಟು ಬೇಗ? ಇದನ್ನು ಅಳೆಯುವುದಕ್ಕೆ ಒಂದು ದೊಡ್ಡ ತೊಡಕಿತ್ತು. ವಿಭವ ಬದಲಾದರೆ ಪೊರೆಯ ವಾಹಕತೆ ಬದಲಾಗುತ್ತದೆ, ವಾಹಕತೆ ಬದಲಾದರೆ ವಿಭವ ಮತ್ತೆ ಬದಲಾಗುತ್ತದೆ. ಇಡೀ ಘಟನೆ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ವಿಭವವನ್ನು ವಿದ್ಯುನ್ಮಾನ ಹಿಮ್ಮಾಹಿತಿಯಿಂದ ಒಂದು ಮಟ್ಟಕ್ಕೆ ತಂದು ಅಲ್ಲಿಯೇ ಕಟ್ಟಿಹಾಕಿದರೆ, ಪೊರೆಯ ಮೂಲಕ ಹರಿಯುವ ಪ್ರವಾಹವನ್ನು ಸಾವಧಾನವಾಗಿ ಅಳೆಯಬಹುದು. ವೋಲ್ಟೇಜ್ ಕ್ಲ್ಯಾಂಪ್ ಎಂಬ ಈ ವಿಧಾನವನ್ನು ಹಾಡ್ಜ್‌ಕಿನ್ ಕಂಡುಹಿಡಿದರೆಂದು ಕೆಲವು ಪುಸ್ತಕಗಳು ಹೇಳುತ್ತವೆ. ಅದು ಸರಿಯಲ್ಲ, 1947ರಲ್ಲಿ ಅದನ್ನು ಮೊದಲು ನಡೆಸಿದವರು ಅಮೆರಿಕದ ಕೋಲ್ ಮತ್ತು ಜಾರ್ಜ್ ಮಾರ್ಮಾಂಟ್. ಹಾಡ್ಜ್‌ಕಿನ್, ಹಕ್ಸ್ಲಿ ಮತ್ತು ಕಾಟ್ಸ್ ಅದನ್ನು ಸುಧಾರಿಸಿ, ಪ್ರವಾಹ ಕೊಡಲು ಒಂದು, ವಿಭವ ಅಳೆಯಲು ಮತ್ತೊಂದು ಬೆಳ್ಳಿತಂತಿಯನ್ನು ತೆಳ್ಳನೆಯ ಗಾಜಿನ ಕಡ್ಡಿಗೆ ಸುತ್ತಿ ನರತಂತುವಿನೊಳಗೆ ಇಳಿಸಿದರು.

ಮುಖ್ಯ ಅಳತೆಗಳೆಲ್ಲ 1949ರ ಬೇಸಿಗೆಯ ಕೆಲವೇ ವಾರಗಳಲ್ಲಿ ಪ್ಲಿಮತ್‌ನಲ್ಲಿ ದೊರೆತವು. ವಿಭವವನ್ನು ಏರಿಸಿ ಹಿಡಿದಾಗ ಮೊದಲು ಒಳಮುಖ ಪ್ರವಾಹವೊಂದು ಬಂದು ಬೇಗ ಅಡಗುತ್ತಿತ್ತು. ಬಳಿಕ ಹೊರಮುಖ ಪ್ರವಾಹ ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಸಮುದ್ರದ ನೀರಿನ ಸೋಡಿಯಂ ಬದಲಿಗೆ ಕೋಲಿನ್ ಹಾಕಿದಾಗ ಮೊದಲನೆಯದು ಮಾಯವಾಗಿ ಎರಡನೆಯದು ಉಳಿಯಿತು. ಒಟ್ಟು ಪ್ರವಾಹದಿಂದ ಇದನ್ನು ಕಳೆದರೆ ಸೋಡಿಯಂ ಪಾಲು ಸಿಗುತ್ತದೆ. ಪೊರೆಯೊಳಗೆ ಬೆರೆತು ಹರಿಯುವ ಎರಡು ಅಯಾನುಗಳ ಲೆಕ್ಕ ಹೀಗೆ ಸರಳ ವ್ಯವಕಲನದಿಂದ ಬೇರ್ಪಟ್ಟಿತು.

1952ರ ಸಮೀಕರಣಗಳು

ಅಳತೆಗಳು ಕೈಯಲ್ಲಿದ್ದವು, ಆದರೆ ಅವುಗಳ ಹಿಂದಿನ ಯಾಂತ್ರಿಕತೆ ತಿಳಿಯಲಿಲ್ಲ. ಪೊರೆಯಲ್ಲಿ ಅಯಾನುಗಳನ್ನು ಹೊತ್ತು ದಾಟಿಸುವ ಅಣುವೊಂದು ಇರಬಹುದೆಂದು ಇಬ್ಬರೂ ಮೊದಲು ಭಾವಿಸಿದ್ದರು. ಫಲಿತಾಂಶಗಳು ಆ ಚಿತ್ರಕ್ಕೆ ಹೊಂದಲಿಲ್ಲ. ಕೊನೆಗೆ ಅವರು ಹೆಚ್ಚು ಸಾಧಾರಣವಾದ ಗುರಿಗೆ ಒಪ್ಪಿಕೊಂಡರು: ಕಾರಣವನ್ನು ಹೇಳದಿದ್ದರೂ ಅಳತೆಗಳನ್ನು ನಿಷ್ಠೆಯಿಂದ ವರ್ಣಿಸುವ ಸಮೀಕರಣಗಳನ್ನು ಬರೆಯುವುದು. ನರವಿಜ್ಞಾನದ ಅತ್ಯಂತ ಪ್ರಸಿದ್ಧ ಮಾದರಿ ಹುಟ್ಟಿದ್ದು ಹೀಗೆ, ಒಂದು ಆಸೆಯನ್ನು ಕೈಬಿಟ್ಟ ಮೇಲೆ.

ಮಾದರಿಯ ತಿರುಳು ಒಂದು ಸರಳ ವಿದ್ಯುನ್ಮಂಡಲ. ಪೊರೆಯು ಒಂದು ಧಾರಕ. ಅದಕ್ಕೆ ಸಮಾಂತರವಾಗಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಸಣ್ಣ ಸೋರಿಕೆಗೆ ಒಂದೊಂದು ಮಾರ್ಗ. ಪ್ರತಿ ಮಾರ್ಗದಲ್ಲೂ ಆ ಅಯಾನಿನ ಸಾಂದ್ರತೆಯ ವ್ಯತ್ಯಾಸವೇ ಬ್ಯಾಟರಿ. ಒಟ್ಟು ಪ್ರವಾಹವೆಂದರೆ ಧಾರಕದ ಪ್ರವಾಹ ಮತ್ತು ಈ ಮೂರು ಪ್ರವಾಹಗಳ ಮೊತ್ತ. ಸೋರಿಕೆಯ ವಾಹಕತೆ ಸ್ಥಿರ, ಉಳಿದೆರಡು ವಿಭವ ಮತ್ತು ಕಾಲದೊಡನೆ ಬದಲಾಗುತ್ತವೆ. ಬದಲಾವಣೆಯನ್ನು ಹೇಳಲು ಎಂ, ಎಚ್, ಎನ್ ಎಂಬ ಮೂರು ಚರಗಳಿವೆ. ಪ್ರತಿಯೊಂದರ ಬೆಲೆ ಸೊನ್ನೆ ಮತ್ತು ಒಂದರ ನಡುವೆ; ಪ್ರತಿಯೊಂದಕ್ಕೂ ಒಂದು ಅವಕಲ ಸಮೀಕರಣ. ಸೋಡಿಯಂ ಮಾರ್ಗವನ್ನು ಎಂ ಬೇಗನೆ ತೆರೆಯುತ್ತದೆ, ಎಚ್ ತುಸು ತಡವಾಗಿ ಮುಚ್ಚುತ್ತದೆ. ಪೊಟ್ಯಾಸಿಯಂ ಮಾರ್ಗವನ್ನು ಎನ್ ನಿಧಾನವಾಗಿ ತೆರೆದು ವಿಭವವನ್ನು ಮೊದಲ ಸ್ಥಿತಿಗೆ ಇಳಿಸುತ್ತದೆ. ಸೋಡಿಯಂ ವಾಹಕತೆಯು ಎಂ ಚರದ ಘನ ಮತ್ತು ಎಚ್ ಚರದ ಗುಣಲಬ್ಧಕ್ಕೆ, ಪೊಟ್ಯಾಸಿಯಂ ವಾಹಕತೆಯು ಎನ್ ಚರದ ನಾಲ್ಕನೆಯ ಘಾತಕ್ಕೆ ಅನುಗುಣ. ನಾಲ್ಕೇ ಏಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಐದು ಅಥವಾ ಆರನೆಯ ಘಾತ ಇನ್ನೂ ಚೆನ್ನಾಗಿ ಹೊಂದುತ್ತಿತ್ತೆಂದು, ಆದರೆ ಅದರಿಂದ ಹೆಚ್ಚುವ ಜಟಿಲತೆಗೆ ತಕ್ಕ ಲಾಭವಿಲ್ಲವೆಂದು ಲೇಖಕರೇ ತಿಳಿಸಿದ್ದಾರೆ.

ನಿಜವಾದ ಪರೀಕ್ಷೆ ಬೇರೆಯೇ ಇತ್ತು. ಸಮೀಕರಣಗಳ ಸಂಖ್ಯೆಗಳೆಲ್ಲ ವಿಭವವನ್ನು ಕಟ್ಟಿಹಾಕಿ ಪಡೆದವು. ಕಟ್ಟು ಬಿಚ್ಚಿ, ವಿಭವವನ್ನು ಅದರ ಪಾಡಿಗೆ ಬಿಟ್ಟರೆ ಈ ಸಮೀಕರಣಗಳು ನರದ ಸಂಕೇತವನ್ನು ತಾವಾಗಿಯೇ ಹುಟ್ಟಿಸುತ್ತವೆಯೇ? ಬಿಡಿಸಿ ನೋಡಬೇಕಿತ್ತು. ಕೇಂಬ್ರಿಜ್‌ನ ಗಣಕಯಂತ್ರವು ಮಾರ್ಪಾಡಿಗಾಗಿ ಆರು ತಿಂಗಳು ಮುಚ್ಚಿತ್ತು. ಹಕ್ಸ್ಲಿ ಬ್ರನ್ಸ್‌ವಿಗಾ ಎಂಬ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕುಳಿತರು. ನರದುದ್ದಕ್ಕೂ ಸಾಗುವ ಸಂಕೇತವನ್ನು ಲೆಕ್ಕಹಾಕಲು ಅದರ ವೇಗವನ್ನು ಮೊದಲೇ ಊಹಿಸಬೇಕು. ಊಹೆ ತಪ್ಪಾದರೆ ವಿಭವವು ಮೇಲಕ್ಕೋ ಕೆಳಕ್ಕೋ ಅನಂತದತ್ತ ಓಡುತ್ತದೆ. ಆಗ ಊಹೆಯನ್ನು ತಿದ್ದಿ ಮತ್ತೆ ಮೊದಲಿನಿಂದ. ಒಂದು ಸಂಕೇತಕ್ಕೆ ಸುಮಾರು ಮೂರು ವಾರ ಹಿಡಿಯಿತು. ಕೊನೆಗೆ ಸಿಕ್ಕ ವೇಗ ಸೆಕೆಂಡಿಗೆ 18.8 ಮೀಟರ್, 18.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನರತಂತುವಿನಲ್ಲಿ ಅಳೆದ ವೇಗ 21.2 ಮೀಟರ್. ವೇಗವನ್ನು ಎಲ್ಲಿಯೂ ಅಳೆಯದ ಪ್ರಯೋಗಗಳಿಂದ ವೇಗವನ್ನು ಇಷ್ಟು ಹತ್ತಿರದವರೆಗೆ ಹೇಳಿದ್ದು ಜೀವವಿಜ್ಞಾನದಲ್ಲಿ ಅಪರೂಪ. ಸಂಕೇತದ ಆಕಾರ, ಅದು ಹುಟ್ಟಲು ಬೇಕಾದ ಕನಿಷ್ಠ ಪ್ರಚೋದನೆ, ಒಂದು ಸಂಕೇತದ ಬೆನ್ನಿಗೇ ಇನ್ನೊಂದು ಹುಟ್ಟದಿರುವ ವಿರಾಮದ ಅವಧಿ ಇವೂ ಲೆಕ್ಕದಿಂದಲೇ ಹೊರಬಂದವು.

ಈ ಕೆಲಸವು 1952ರಲ್ಲಿ ಜರ್ನಲ್ ಆಫ್ ಫಿಸಿಯಾಲಜಿಯಲ್ಲಿ ಐದು ಲೇಖನಗಳಾಗಿ ಬಂದಿತು. ಮೊದಲನೆಯದರಲ್ಲಿ ಕಾಟ್ಸ್ ಸಹಲೇಖಕರು. ಐದನೆಯದರಲ್ಲಿ ಮಾದರಿಯಿದೆ. ಲೆಕ್ಕದ ಸಂಕೇತದ ಶಿಖರ ನಿಜಕ್ಕಿಂತ ಚೂಪಾಗಿರುವುದನ್ನೂ, ಇಳಿಯುವ ಭಾಗದಲ್ಲಿ ಇಲ್ಲದ ಉಬ್ಬೊಂದು ಕಾಣುವುದನ್ನೂ ಅವರು ಮುಚ್ಚಿಡಲಿಲ್ಲ. ಸಮೀಕರಣಗಳು ಪ್ರಯೋಗಕ್ಕೆ ಹೊಂದಿದ ಮಾತ್ರಕ್ಕೆ ಅವುಗಳ ಹಿಂದಿನ ಕಲ್ಪನೆಯೂ ನಿಜವೆಂದು ತಿಳಿಯಬಾರದೆಂದು ಎಚ್ಚರಿಸಿದರು. ನಂತರದ ಪಠ್ಯಪುಸ್ತಕಗಳು ಈ ಎಚ್ಚರಿಕೆಯನ್ನು ಹೆಚ್ಚಾಗಿ ಬಿಟ್ಟುಬಿಟ್ಟಿವೆ.

ಮಾದರಿಯ ಮುಂದುವರಿಕೆ

ಡೆನಿಸ್ ನೋಬಲ್ 1960ರಲ್ಲಿ ಇದೇ ಸಮೀಕರಣಗಳನ್ನು ಮಾರ್ಪಡಿಸಿ ಹೃದಯದ ಕೋಶಗಳ ಮಿಡಿತವನ್ನು ನಿರೂಪಿಸಿದರು. ರಿಚರ್ಡ್ ಫಿಟ್ಸ್‌ಹ್ಯೂ 1961ರಲ್ಲಿ ನಾಲ್ಕು ಚರಗಳನ್ನು ಎರಡಕ್ಕೆ ಇಳಿಸಿದರು. ಹಲ್ಲಿನ ವೈದ್ಯರು ಕೊಡುವ ಲಿಗ್ನೊಕೇನ್ ಚುಚ್ಚುಮದ್ದು ಸೋಡಿಯಂ ಮಾರ್ಗವನ್ನು ಮುಚ್ಚಿ ನೋವಿನ ಸಂಕೇತವನ್ನು ತಡೆಯುತ್ತದೆ. ರೈತರು ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಅದೇ ಮಾರ್ಗವನ್ನು ಮುಚ್ಚಲು ಬಿಡದೆ ಕೀಟವನ್ನು ಕೊಲ್ಲುತ್ತವೆ. ಚನ್ನಗಿರಿಯಿಂದಲೋ ಜಗಳೂರಿನಿಂದಲೋ ದಾವಣಗೆರೆಯ ಆಸ್ಪತ್ರೆಗೆ ಬಂದ ಮಧುಮೇಹಿಯ ಕಾಲಿನ ನರವನ್ನು ಪರೀಕ್ಷಿಸುವಾಗ ವೈದ್ಯರು ಅಳೆಯುವುದೂ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಸಂಕೇತದ ವೇಗವನ್ನೇ. ಮನುಷ್ಯನ ಇಂತಹ ನರಗಳಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸ್ಕ್ವಿಡ್‌ನ ದಪ್ಪ ತಂತುವಿಗಿಂತ ಎಷ್ಟೋ ತೆಳುವಾದರೂ ವೇಗ ಹೆಚ್ಚು.

ನಂತರದ ಸಂಶೋಧನೆಗಳು

ಸಂಕೇತವೊಂದು ಸಾಗಿದಾಗಲೆಲ್ಲ ಸ್ವಲ್ಪ ಸೋಡಿಯಂ ಒಳಬರುತ್ತದೆ, ಸ್ವಲ್ಪ ಪೊಟ್ಯಾಸಿಯಂ ಹೊರಹೋಗುತ್ತದೆ. ಇದನ್ನು ಮರಳಿ ಸರಿಪಡಿಸುವವರು ಯಾರು? 1955ರಲ್ಲಿ ಹಾಡ್ಜ್‌ಕಿನ್ ಮತ್ತು ರಿಚರ್ಡ್ ಕೇನ್ಸ್, ನರತಂತುವಿನ ಶಕ್ತಿಪೂರೈಕೆಯನ್ನು ವಿಷದ ಮೂಲಕ ನಿಲ್ಲಿಸಿದರು. ಸೋಡಿಯಂ ಹೊರದೂಡುವ ಕ್ರಿಯೆ ನಿಂತಿತು, ಆದರೂ ಸಂಕೇತಗಳು ಕೆಲಕಾಲ ಸಾಗುತ್ತಲೇ ಇದ್ದವು. ಅಂದರೆ ಸಂಕೇತಕ್ಕೆ ಬೇಕಾದ ಶಕ್ತಿ ಆಗಲೇ ಕೂಡಿಟ್ಟದ್ದು. ಅದನ್ನು ತುಂಬುವ ಪಂಪು ಬೇರೆ. ಪೊಟ್ಯಾಸಿಯಂ ಅಯಾನುಗಳು ಇಕ್ಕಟ್ಟಾದ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆಂದೂ ಅವರು ಅದೇ ವರ್ಷ ತರ್ಕಿಸಿದರು. 1961ರಲ್ಲಿ ಪೀಟರ್ ಬೇಕರ್ ಮತ್ತು ಟ್ರೆವರ್ ಶಾ ಅವರೊಡನೆ ಸೇರಿ ನರತಂತುವಿನ ಒಳದ್ರವ್ಯವನ್ನು ಹಿಂಡಿ ತೆಗೆದು, ಬರಿದಾದ ಪೊರೆಗೆ ಪೊಟ್ಯಾಸಿಯಂ ಲವಣದ ದ್ರಾವಣ ತುಂಬಿದರು. ಆ ಟೊಳ್ಳು ಕೊಳವೆ ಎಂದಿನಂತೆ ಸಂಕೇತಗಳನ್ನು ಒಯ್ದಿತು. ಮುಂದೆ ಇವರ ಆಸಕ್ತಿ ಕಣ್ಣಿನ ಬೆಳಕುಗ್ರಾಹಿ ಕೋಶಗಳತ್ತ ತಿರುಗಿತು.

ಸ್ಥಾನಮಾನಗಳು

ಹಾಡ್ಜ್‌ಕಿನ್ 1948ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1965ರಲ್ಲಿ ಕೋಪ್ಲಿ ಪದಕ ಪಡೆದರು. 1970ರಿಂದ 1975ರವರೆಗೆ ಆ ಸೊಸೈಟಿಯ ಅಧ್ಯಕ್ಷರಾಗಿದ್ದರು. 1972ರಲ್ಲಿ ಸರ್ ಪದವಿ, ಮರುವರ್ಷ ಆರ್ಡರ್ ಆಫ್ ಮೆರಿಟ್ ಬಂದವು. 1978ರಿಂದ 1984ರವರೆಗೆ ಟ್ರಿನಿಟಿ ಕಾಲೇಜಿನ ಮಾಸ್ಟರ್ ಆಗಿದ್ದರು. ಆ ಪೀಠಕ್ಕೆ ಅವರ ನಂತರ ಬಂದವರು ಹಕ್ಸ್ಲಿ.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಅನಾರೋಗ್ಯ ಕಾಡಿತು. ವಿಜ್ಞಾನ ಮತ್ತು ಯುದ್ಧದ ದಿನಗಳ ನೆನಪುಗಳನ್ನು ಒಳಗೊಂಡ ಆತ್ಮಕಥೆ 1992ರಲ್ಲಿ ಪ್ರಕಟವಾಯಿತು. 1998ರ ಏಪ್ರಿಲ್‌ನಲ್ಲಿ ಅಮೆರಿಕದ ರಾಡರಿಕ್ ಮೆಕಿನನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯವೊಂದರ ಪೊಟ್ಯಾಸಿಯಂ ಮಾರ್ಗದ ಅಣುರಚನೆಯನ್ನು ಎಕ್ಸ್‌ರೇ ಮೂಲಕ ಕಂಡು ಪ್ರಕಟಿಸಿದರು. ಅದು ಒಂದೇ ತೆರನಾದ ನಾಲ್ಕು ತುಂಡುಗಳಿಂದ ಕೂಡಿದ ಪ್ರೋಟೀನು. ಎನ್ ಚರದ ನಾಲ್ಕನೆಯ ಘಾತವು ಇದನ್ನೇ ಮುಂಗಂಡಿತ್ತೆಂದು ಹೇಳುವವರಿದ್ದಾರೆ; ಘಾತವನ್ನು ಆರಿಸಿದ ರೀತಿಯನ್ನು ನೋಡಿದರೆ ಅದು ಅತಿಯಾದ ಮಾತು. ಆದರೆ ಮಾರ್ಗದ ಇಕ್ಕಟ್ಟಾದ ಭಾಗದಲ್ಲಿ ಅಯಾನುಗಳು ಸಾಲಾಗಿ ನಿಂತಿದ್ದವು, ಕೇನ್ಸ್ ಅವರೊಡನೆ ಹಾಡ್ಜ್‌ಕಿನ್ 43 ವರ್ಷಗಳ ಹಿಂದೆ ತರ್ಕಿಸಿದ್ದಂತೆಯೇ. ಅದೇ ವರ್ಷ ಡಿಸೆಂಬರ್ 20ರಂದು ಹಾಡ್ಜ್‌ಕಿನ್ ಕೇಂಬ್ರಿಜ್‌ನಲ್ಲಿ ನಿಧನರಾದರು.